ನಾನು ಅಂಥವನಲ್ಲ ಎಂದು ತಾವು ಹೊರಡಿಸಿದ ಸ್ಪಷ್ಟನೆಯ ಕುರಿತು

ಗೌರವದ ಪದಗಳ ಕೈಪಿಡಿ ಹೊರತಂದ ಇಲಾಖೆಯ ನಿರ್ದೇಶಕರಿಗೆ, ಊರೆಲ್ಲ ಓದಲಿ ಎಂದು ಬರೆದದ್ದು

ಮಾನ್ಯರೇ,

ಮೊದಲು ಖರ್ಚು ಒಪ್ಪಿಸಿಬಿಡುತ್ತೇನೆ, ಮಾತು ಆಮೇಲೆ. ತಮ್ಮ ಇಲಾಖೆ ಚಾಮರಾಜಪುರಂನ ಸಭಾಂಗಣದಲ್ಲಿ ನಡೆಸಿದ ‘ಗೌರವದ ಪದಗಳು’ ಎಂಬ ಅರಿವು ಕಾರ್ಯಕ್ರಮಕ್ಕೆ ಸರ್ಕಾರದ ಕಡೆಯಿಂದ ಹೋದದ್ದು ಒಂದು ಬ್ಯಾನರು, ಒಂದಷ್ಟು ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಬೆಳಗ್ಗೆಗೆ ಉಪ್ಪಿಟ್ಟು-ಕೇಸರಿಬಾತು, ಜೊತೆಗೆ ನುಣುಪು ಕಾಗದದ ಕೈಪಿಡಿ. ತಮ್ಮ ಕಡೆಯಿಂದ ಹೋದದ್ದು ಒಂದು ಅಧ್ಯಕ್ಷ ಭಾಷಣ, ಆಮೇಲೆ ಪತ್ರಿಕೆಗಳಿಗೆ ಕಳಿಸಿದ ಒಂದು ಸ್ಪಷ್ಟನೆ, ಅದರ ಕೆಳಗೊಂದು ಸಹಿ. ನನ್ನ ಕಡೆಯಿಂದ ಹೋದದ್ದು ದಟ್ಟಗಳ್ಳಿಯ ಒಂದು ಮನೆಯಲ್ಲಿ, ಒಂದು ಜಮಖಾನದ ಮೇಲೆ, ಒಬ್ಬ ಮನುಷ್ಯ ಕಾಲು ಮಡಚಿ ಕೂರುವಷ್ಟು ಜಾಗ. ಸರ್ಕಾರದ ಖರ್ಚಿಗೆ ಬಿಲ್ಲುಗಳಿವೆ, ತಪಾಸಣೆಯವರು ನೋಡಿಕೊಳ್ಳುತ್ತಾರೆ. ತಮ್ಮ ಸಹಿಗೆ ಖರ್ಚಿಲ್ಲ. ನನ್ನ ಬಾಬ್ತು ಮಾತ್ರ ಯಾವ ಕಡತದಲ್ಲೂ ಸೇರದ್ದರಿಂದ ಹೀಗೆ ಬಹಿರಂಗವಾಗಿ ಬರೆಯಬೇಕಾಯಿತು.

ದೂರು ಇಷ್ಟೇ. ನಾನು ಸಲಿಂಗಿಯಲ್ಲ ಎಂದು ತಾವು, ನನ್ನನ್ನು ಒಂದು ಮಾತೂ ಕೇಳದೆ, ಪತ್ರಿಕೆಯಲ್ಲಿ ಹೇಳಿದಿರಿ. ಅದು ಸುಳ್ಳು. ತಾವು ಅದನ್ನು ವಾಪಸ್ ಪಡೆಯಬೇಕು.

ನಾನು ಯಾರೆಂಬುದು ತಮಗೆ ನೆನಪಿರಲಾರದು. ವೇದಿಕೆಯ ಮೇಲೆ ಕೂತವರಿಗೆ ಮೈಕಿನ ಹಿಂದೆ ನಿಂತವನು ಕಾಣುವುದು ಕಡಿಮೆ. ಮೈಸೂರಿನಲ್ಲಿ ನನ್ನನ್ನು ಮೈಕ್ ಮರಿಯಯ್ಯ ಎನ್ನುತ್ತಾರೆ. ಹಳ್ಳಿಯಿಂದ ಬಂದ ಹೊಸತರಲ್ಲಿ ಆಟೋದಲ್ಲಿ ಕೂತು ಸೀರೆ ಸೇಲು, ಸರ್ಕಸ್ಸು, ಕಳೆದುಹೋದ ಮಗು, ಸಿಕ್ಕಿದ ಎಮ್ಮೆ ಎಲ್ಲವನ್ನೂ ಬೀದಿ ಬೀದಿಯಲ್ಲಿ ಕೂಗಿದವನು. ಗಂಟಲೊಂದನ್ನು ಬಿಟ್ಟರೆ ಬೇರೆ ಬಂಡವಾಳ ಇರಲಿಲ್ಲ. ಅದನ್ನೇ ತಿರುವಿ ತಿರುವಿ ಬೆಳೆಸಿ ಈಗ ಆರತಕ್ಷತೆ, ಗೃಹಪ್ರವೇಶ, ಸನ್ಮಾನ, ಶ್ರದ್ಧಾಂಜಲಿ, ಸರ್ಕಾರದ ಜಯಂತಿಗಳು, ಎಲ್ಲಕ್ಕೂ ನಿರೂಪಕನಾಗಿದ್ದೇನೆ. ಈ ಊರಿನ ಅರ್ಧದಷ್ಟು ಗಂಡಹೆಂಡಿರನ್ನು ‘ನೂತನ ದಂಪತಿ’ ಎಂದು ಮೊದಲು ಕರೆದವನು ನಾನೇ ಎಂದರೆ ಸ್ವಲ್ಪ ಹೆಚ್ಚಾಯಿತು. ಕಾಲು ಭಾಗ ಎಂದಿಟ್ಟುಕೊಳ್ಳಿ.

ನಿರೂಪಣೆಯೆಂದರೆ ಹೂವು ಉದುರಿಸಿದಂಥ ಮಾತು ಎಂದು ಜನ ತಿಳಿದಿದ್ದಾರೆ. ಅದು ಅಲಂಕಾರ. ಕೆಲಸ ಇರುವುದು ಯಾರನ್ನು ಏನೆಂದು ಕರೆಯಬೇಕು ಎಂಬುದರಲ್ಲಿ. ಕಾರ್ಯಕ್ರಮ ಶುರುವಾಗುವ ಮುಂಚೆ ನಾನು ಕಾಫಿ ಲೋಟ ಹಿಡಿದು ಒಬ್ಬೊಬ್ಬರ ಹತ್ತಿರವೂ ಹೋಗುತ್ತೇನೆ, ಬಗ್ಗಿ ಕೇಳುತ್ತೇನೆ: “ತಮ್ಮನ್ನ ಮೈಕಲ್ಲಿ ಏನಂತ ಕರೀಲಿ?” ಗಂಡಿನ ಮಲತಾಯಿ, “ತಾಯಿ ಅಂತ್ಲೇ ಅಂದ್ಬುಡಿ, ಸಾಕಿದ್ದು ನಾನೇ” ಎನ್ನುತ್ತಾರೆ. ಪೆನ್ಷನ್ ತೆಗೆದುಕೊಳ್ಳುತ್ತಿರುವ ಇಂಜಿನಿಯರು, “ನಿವೃತ್ತ ಅನ್ನೋದ್ ಬಿಟ್ಬುಡಿ ಮರಿಯಯ್ಯ” ಎಂದು ಕೈ ಅದುಮುತ್ತಾರೆ. ಗಂಡನನ್ನು ಬಿಟ್ಟುಬಂದ ಹೆಣ್ಣುಮಗಳು ತಂದೆಯ ಹೆಸರಿನ ಜೊತೆ ಕರೆಯಿರಿ ಎನ್ನುತ್ತಾಳೆ. ನಾನು ಯಾಕೆ ಎಂದು ಕೇಳುವುದಿಲ್ಲ, ಪುರಾವೆ ತೋರಿಸಿ ಎನ್ನುವುದಿಲ್ಲ. ಅವರು ಹೇಳಿದ್ದನ್ನು ಮೈಕಿನಲ್ಲಿ ಹೇಳುತ್ತೇನೆ, ಅವರು ತಲೆಯೆತ್ತಿ ವೇದಿಕೆ ಹತ್ತುತ್ತಾರೆ. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಕೇಳದೆ ಕರೆದರೆ ಮದುವೆಮನೆಯಲ್ಲಿ ಜಗಳವಾಗುತ್ತದೆ, ಮುಂದಿನ ಕೆಲಸ ಸಿಗುವುದಿಲ್ಲ, ಅಷ್ಟೇ.

ತಮ್ಮ ಕಾರ್ಯಕ್ರಮದ ದಿನವೂ ಹಾಗೆಯೇ ಲೋಟ ಹಿಡಿದು ಹೊರಟೆ. ಸನ್ಮಾನಕ್ಕೆ ಕರೆಸಿದ್ದವರಲ್ಲಿ ಪವಿತ್ರ ಎಂಬ ಹೆಣ್ಣುಮಗಳಿದ್ದರು. ಹುಟ್ಟಿದಾಗ ಗಂಡೆಂದು ಬರೆಸಿಕೊಂಡು, ಬೆಳೆಯುತ್ತ ತಾನು ಹೆಣ್ಣೆಂದು ಮನೆಯವರಿಗೆಲ್ಲ ತಿಳಿಸಿ, ಅದಕ್ಕೆ ಕೊಡಬೇಕಾದ್ದನ್ನೆಲ್ಲ ಕೊಟ್ಟು ನಿಂತವರು. ಏನಂತ ಕರೀಲಿ ಎಂದೆ. “ಪವಿತ್ರ ಅನ್ನಿ ಸಾರ್. ವಿದ್ಯಾರಣ್ಯಪುರಂನಲ್ಲಿ ಟೈಲರಿಂಗ್ ಅಂಗ್ಡಿ ಇಟ್ಟವ್ಳೆ, ಬ್ಲೌಸ್ ಹೊಲಿಯೋದ್ರಲ್ಲಿ ಎತ್ತಿದ ಕೈ ಅನ್ನಿ. ಆಮೇಲೂ ಟೈಮ್ ಮಿಕ್ಕಿದ್ರೆ ಟ್ರಾನ್ಸ್ ಮಹಿಳೆ ಅನ್ನಿ,” ಎಂದು ನಕ್ಕರು. ನಗು ನಿಲ್ಲಿಸಿ ನನ್ನನ್ನೇ ನೋಡಿದರು. “ಅಲ್ಲ ಸಾರ್, ಎಲ್ಲಾರ್ನೂ ಕೇಳ್ತೀರಲ್ಲ, ನಿಮ್ಮನ್ನ ಯಾರಾರ ಕೇಳವ್ರಾ, ಏನಂತ ಕರೀಲಿ ಅಂತ?”

ಕಾಫಿ ಆರಿಹೋಗುತ್ತದೆ ಎಂದು ಹೇಳಿ ಮುಂದೆ ಹೋದೆ.

ತಮಗೆ ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸುತ್ತೇನೆ. ತಾವು ಕರೆಸಿದ್ದ ಉಪನ್ಯಾಸಕಿ ಚೆನ್ನಾಗಿ ಹೇಳಿದರು. ಒಬ್ಬರ ಮನಸ್ಸು ಯಾರ ಕಡೆಗೆ ಒಲಿಯುತ್ತದೆ ಎನ್ನುವುದು ಒಂದು, ಒಬ್ಬರು ತಾನು ಹೆಣ್ಣೋ ಗಂಡೋ ಎರಡೂ ಅಲ್ಲವೋ ಎಂದು ಒಳಗೆ ಅರಿತಿರುವುದು ಇನ್ನೊಂದು, ಮೊದಲಿನದು ಲೈಂಗಿಕ ಒಲವು, ಎರಡನೆಯದು ಲಿಂಗತ್ವದ ಗುರುತು, ಎರಡನ್ನೂ ಒಂದೇ ಗಂಟು ಕಟ್ಟಬಾರದು ಎಂದರು. ಗಂಡಸಿಗೆ ಗಂಡಸಿನ ಮೇಲೆ ಒಲವಾದರೆ ಅವನು ಹೆಣ್ಣಾಗಬಯಸುತ್ತಾನೆ ಎಂದರ್ಥವಲ್ಲ ಎಂದರು. ‘ಸಲಿಂಗಕಾಮಿ’ ಎನ್ನುವುದನ್ನು ಬಿಟ್ಟು ‘ಸಲಿಂಗಿ’ ಎನ್ನಿ, ಬದುಕನ್ನೆಲ್ಲ ಕಾಮಕ್ಕೆ ಕಟ್ಟಬೇಡಿ ಎಂದರು. ನಾನು ವೇದಿಕೆಯ ಮೂಲೆಯಲ್ಲಿ ನಿಂತು ಕೇಳಿದೆ. ಇಷ್ಟು ವರ್ಷ ಆ ಪದ ನಾಟಕದ ಹಾಸ್ಯದಲ್ಲಿ, ಬಸ್‌ಸ್ಟ್ಯಾಂಡಿನ ಬೈಗುಳದಲ್ಲಿ ನನ್ನ ಕಿವಿಗೆ ಬಿದ್ದಿತ್ತು. ಮೈಕಿನಲ್ಲಿ, ಹಿಂದೆ ನಗು ಏಳದೆ, ಅದು ಬಂದದ್ದನ್ನು ಕೇಳಿದ್ದು ಅವತ್ತೇ. ಒಂದು ಕ್ಷಣ ಸ್ಪೀಕರ್ ಕಡೆ ತಿರುಗಿ ನೋಡಿದೆ, ಅಲ್ಲಿ ನಿಂತಿರಬೇಕಾದವನು ನಿಂತಿದ್ದಾನೆ ಎಂಬಂತೆ.

ಆದರೆ ಉಪನ್ಯಾಸಕಿಯ ತಲೆಯ ಮೇಲೆ ತೂಗುತ್ತಿದ್ದ ತಮ್ಮ ಬ್ಯಾನರಿನಲ್ಲಿ ಎಲ್ಲರೂ ಒಟ್ಟಾಗಿ ‘ತೃತೀಯ ಲಿಂಗಿಗಳು’ ಆಗಿದ್ದರು. ಅದರ ಕೆಳಗೆ ಸಾಲಾಗಿ ಕುರ್ಚಿಗಳು. ಪ್ರತಿ ಕುರ್ಚಿಯ ಬೆನ್ನಿಗೆ ತಮ್ಮ ವ್ಯವಸ್ಥಾಪಕರು ಒಂದೊಂದು ಹಾಳೆ ಅಂಟಿಸಿದ್ದರು: ಸಲಿಂಗಿ, ದ್ವಿಲಿಂಗಿ, ಅಂತರಲಿಂಗಿ, ತೃತೀಯ ಲಿಂಗಿ. ದಸರೆಗೆ ಬೊಂಬೆ ಕೂರಿಸುವವರೂ ಇಷ್ಟು ಅಚ್ಚುಕಟ್ಟಾಗಿ ಜೋಡಿಸುವುದಿಲ್ಲ. ಕೈಪಿಡಿಯ ಒಂದೊಂದು ಪದಕ್ಕೂ ಒಬ್ಬೊಬ್ಬ ಮನುಷ್ಯ, ಒಬ್ಬೊಬ್ಬನಿಗೂ ಒಂದು ಪೇಟ. ಪವಿತ್ರ ತಮ್ಮ ಕುರ್ಚಿಯ ಹಿಂದಿನ ಹಾಳೆ ನೋಡಿ, “ಮೂರನೇಳು ಅಂತೆ. ಮೊದಲ್ನೇಳು ಯಾರೋ,” ಎಂದು ಅದನ್ನು ಕಿತ್ತು ಮಡಚಿ ಬ್ಯಾಗಿಗೆ ಹಾಕಿಕೊಂಡು ಕೂತರು. ತಾವು ಅದನ್ನು ಗಮನಿಸಲಿಲ್ಲ, ಆಗ ತಾವು ದೀಪ ಬೆಳಗುತ್ತಿದ್ದಿರಿ.

‘ಸಲಿಂಗಿ’ ಕುರ್ಚಿ ಖಾಲಿ ಉಳಿಯಿತು. ಬರಲು ಒಪ್ಪಿದ್ದ ಯುವಕ, ಸಭೆಯಲ್ಲಿ ತನ್ನ ಆಫೀಸಿನವರೂ ಇದ್ದಾರೆಂದು ತಿಳಿದು ಬಾಗಿಲಿನಿಂದಲೇ ಹಿಂದಿರುಗಿದನಂತೆ. ಫೋಟೋದವರು ಅವಸರ ಮಾಡುತ್ತಿದ್ದರು. ತಮ್ಮ ವ್ಯವಸ್ಥಾಪಕರು ನನ್ನ ಹತ್ತಿರ ಬಂದರು.

“ಮರಿಯಯ್ಯನೋರೇ, ಖಾಲಿ ಕುರ್ಚಿ ಫೋಟೋದಲ್ಲಿ ಚೆನ್ನಾಗ್ ಕಾಣಲ್ಲ ಕಣ್ರೀ. ನೀವೇ ಒಂದ್ ನಿಮ್ಷ ಕೂತ್ಬುಡಿ.”

“ನಾನಾ?”

“ಏನೀಗ? ಕೂತ್ರೆ ಅಂಟ್ಕೊಂಡ್ಬುಡುತ್ತಾ?”

ಮುಂದಿನ ಸಾಲು ನಕ್ಕಿತು. ತಾವೂ ನಕ್ಕಿರಿ. ಗೌರವದ ಪದಗಳ ಬಗ್ಗೆ ಬೆಳಗಿನಿಂದ ಕೇಳಿದ ಸಭೆ ಅದು.

ಕೂತೆ. ಯಾರಾದರೂ ಒತ್ತಾಯಿಸಿ ಕೂರಿಸಿದರು ಎಂದು ಇಲ್ಲಿ ಬರೆದರೆ ಅನುಕೂಲವಾಗುತ್ತಿತ್ತು, ಆದರೆ ಹಾಗಾಗಲಿಲ್ಲ. ನನ್ನ ಕಾಲಿನ ಮೇಲೆ ನಡೆದುಹೋಗಿ, ಅಂಗಿಯ ತುದಿ ಎಳೆದು ಸರಿಮಾಡಿಕೊಂಡು, ಬೆನ್ನು ಪೂರ್ತಿ ಆನಿಸಿ ಕೂತೆ. ನನ್ನ ತಲೆಯ ಮೇಲೆ ತಾವೇ ಪೇಟ ಇಟ್ಟಿರಿ. ಎಷ್ಟೋ ಜನರಿಗೆ ಪೇಟ ತೊಡಿಸುವುದನ್ನು ಮೈಕಿನಲ್ಲಿ ಬಣ್ಣಿಸಿದ ನನ್ನ ತಲೆಗೆ ಅದು ಬಂದದ್ದು ಅದೇ ಮೊದಲು. ಕ್ಯಾಮೆರಾ ಮಿಂಚಿತು. ಪಕ್ಕದ ಕುರ್ಚಿಯಿಂದ ಪವಿತ್ರ ತುಟಿ ಅಲುಗಿಸದೆ ಹೇಳಿದರು: “ಫೋಟೋಗೆ ಕೂತೋರು ಇಂಗ್ ಕೂತ್ಕಳಲ್ಲ ಸಾರ್.”

ಆಮೇಲೆ ಎದ್ದು ಹೋಗಿ ವಂದನಾರ್ಪಣೆ ಮಾಡಿದೆ. ಅಡುಗೆಯವರನ್ನೂ ಮರೆಯಲಿಲ್ಲ.

ಮಾರನೆಯ ದಿನ ಪತ್ರಿಕೆಯಲ್ಲಿ ಚಿತ್ರ ಬಂತು. ಅಡಿಬರಹದಲ್ಲಿ ಎಡದಿಂದ ಬಲಕ್ಕೆ ಹೆಸರುಗಳಿದ್ದವು, ನನ್ನ ಹೆಸರಿನ ಹಿಂದೆ ‘ಸಲಿಂಗಿ ಸಮುದಾಯದ’ ಎಂದಿತ್ತು. ಫೋನು ಶುರುವಾಯಿತು. ಹೋಟೆಲಿನಲ್ಲಿ ದಿನವೂ ಸಿಗುವ ಗೆಳೆಯನೊಬ್ಬ, “ಏನ್ರೀ ಮರಿಯಯ್ಯ, ಇದ್ಯಾವಾಗಿಂದ?” ಎಂದ. “ಹುಟ್ದಾಗಿಂದ,” ಎಂದೆ. ಅವನು ಹೊಟ್ಟೆ ಹಿಡಿದು ನಕ್ಕ. ಮಾತಿನವನಾಗಿರುವುದರ ಕಷ್ಟ ಇದು. ಬಾಯಲ್ಲಿ ನಿಜ ಬಂದರೂ ಜನ ಚಪ್ಪಾಳೆ ತಟ್ಟುತ್ತಾರೆ. ಮಗಳ ಆರತಕ್ಷತೆಗೆ ನನ್ನನ್ನು ಗೊತ್ತುಮಾಡಿದ್ದ ಒಬ್ಬರು, ಮನೆಯಲ್ಲಿ ಹಿರಿಯರಿದ್ದಾರೆ ಎಂದು ಹೇಳಿ ಬೇಡವೆಂದರು. ಹಿರಿಯರಿಲ್ಲದ ಮದುವೆಯನ್ನು ನಾನೂ ನೋಡಿಲ್ಲ. ಇರಲಿ. ಇದೆಲ್ಲ ನಾನು ತಡೆದುಕೊಳ್ಳಬಲ್ಲ ಮೊತ್ತ.

ಅದೇ ಸಂಜೆ ದಟ್ಟಗಳ್ಳಿಯಿಂದ ಸಿದ್ದಲಿಂಗಮ್ಮ ಫೋನು ಮಾಡಿದರು. ಅವರು ಯಾರೆಂದು ಹೇಳಬೇಕಾದರೆ ಮೃತ್ಯುಂಜಯ ಯಾರೆಂದು ಹೇಳಬೇಕು.

ಮೃತ್ಯುಂಜಯ ಅವರ ತಮ್ಮ, ಮೈಕ್ ಸೆಟ್ಟಿನವನು. ಅವನ ಪೆಟ್ಟಿಗೆ, ನನ್ನ ಗಂಟಲು. ಎಲ್ಲಿ ನಾನೋ ಅಲ್ಲಿ ಅವನು. ವಿದ್ಯಾರಣ್ಯಪುರಂನಲ್ಲಿ ಒಂದೇ ಮಹಡಿ ಮನೆಯಲ್ಲಿ ಇದ್ದೆವು, ಮನೆಯ ಓನರ್ ಬಾಯಲ್ಲಿ ‘ಮೈಕ್ ಸೆಟ್ಟಿನ ಹುಡುಗರು’ ಎಂದು ಸೇರಿ, ತಲೆ ನರೆತ ಮೇಲೂ ಹುಡುಗರಾಗಿಯೇ ಉಳಿದೆವು. ಅವನು ಮಠದ ಭಕ್ತರ ಮನೆಯ ಲಿಂಗಾಯತ, ನಾನು ಹಳ್ಳಿಯಲ್ಲಿ ಆ ಮನೆಗಳ ಜಗುಲಿ ಹತ್ತದ ಜನರ ಮಗ. ಆ ಲೆಕ್ಕವನ್ನು ಅವನು ಒಂದು ದಿನವೂ ಇಡಲಿಲ್ಲ. ಬೇರೆ ಮೈಕಿನವರೆಲ್ಲ ಒಂದು ಎರಡು ಮೂರು ಎಂದು ಎಣಿಸಿ ಸದ್ದು ನೋಡುತ್ತಾರೆ. ಇವನು ಮೈಕ್ ಹಿಡಿದು, “ಹಲೋ, ಊಟ ಆಯ್ತಾ?” ಎನ್ನುತ್ತಿದ್ದ. ಇಡೀ ಸಭಾಂಗಣಕ್ಕೆ ಕೇಳುತ್ತಿತ್ತು, ಯಾರನ್ನು ಕೇಳಿದ್ದು ಎಂದು ಒಬ್ಬನಿಗೆ ಮಾತ್ರ ಗೊತ್ತಿರುತ್ತಿತ್ತು. ನಾನು ದೂರದಿಂದ ತಲೆಯಾಡಿಸುತ್ತಿದ್ದೆ. ಆಗಿಲ್ಲವೆಂದರೆ ಪೊಟ್ಟಣ ಕಟ್ಟಿಸಿ ಇಟ್ಟಿರುತ್ತಿದ್ದ. ನಮ್ಮಂಥವರ ಪ್ರೀತಿ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ ದಿನ ನಾವೊಂದು ನಾಮಕರಣದಲ್ಲಿದ್ದೆವು. ಸುದ್ದಿ ತಿಳಿದಾಗ ಅವನು ನನ್ನ ಮೈಕಿನ ಸದ್ದನ್ನು ಒಂಚೂರು ಏರಿಸಿದ, ಅಷ್ಟೇ. ಮಗು ಬೆಚ್ಚಿ ಅತ್ತಿತು.

ಹೋದ ವರ್ಷದ ಹಿಂದಿನ ವರ್ಷ ಅವನು ಎದೆನೋವಿನಿಂದ ತೀರಿಕೊಂಡ. ಶ್ರದ್ಧಾಂಜಲಿ ಸಭೆಗೆ ನಿರೂಪಕ ಬೇಕಲ್ಲ, ನನ್ನನ್ನೇ ಕರೆದರು. ಮೃತರ ಅಕ್ಕ, ಮೃತರ ಭಾವ, ಮೃತರ ಸೋದರಳಿಯ, ಮೃತರ ಸಹಪಾಠಿ, ಒಬ್ಬೊಬ್ಬರನ್ನೂ ಸರಿಯಾದ ನಂಟಿನಿಂದ ಕರೆದೆ, ಒಬ್ಬೊಬ್ಬರೂ ಹೂ ಹಾಕಿದರು. ನನ್ನನ್ನು ಏನೆಂದು ಕರೆದುಕೊಳ್ಳಲಿ? ತಮ್ಮ ಕೈಪಿಡಿಯನ್ನು ಆಮೇಲೆ ಮುಂದಿನಿಂದ ಹಿಂದಕ್ಕೆ ಓದಿದ್ದೇನೆ. ಬದುಕಿರುವವರಿಗೆ ಬೇಕಾದಷ್ಟು ಪದಗಳಿವೆ. ಜೊತೆಗಾರನನ್ನು ಕಳೆದುಕೊಂಡು ಉಳಿದವನಿಗೆ ಒಂದೂ ಇಲ್ಲ. ವಿಧುರ ಎನ್ನಲು ಮದುವೆ ಆಗಿರಬೇಕು, ಅನಾಥ ಎನ್ನಲು ವಯಸ್ಸು ಮೀರಿದೆ. ಕೊನೆಗೆ “ನಿರೂಪಣೆ ಮರಿಯಯ್ಯನವರಿಂದ” ಎಂದು ನಾನೇ ಹೇಳಿ, ಎರಡು ನಿಮಿಷ ಮೌನಕ್ಕೆ ಎದ್ದು ನಿಲ್ಲಬೇಕೆಂದು ಕೋರಿದೆ. ಇಡೀ ಕಾರ್ಯಕ್ರಮದಲ್ಲಿ ನನ್ನ ಪಾಲಿಗೆ ಬಂದದ್ದು ಆ ಮೌನವೊಂದೇ.

ಸಿದ್ದಲಿಂಗಮ್ಮನವರ ಮನೆಯಲ್ಲಿ ಒಂದು ಪದ್ಧತಿಯಿದೆ. ಪುಣ್ಯಸ್ಮರಣೆಯ ದಿನ ಅಯ್ಯನವರು ಬಂದು ಪೂಜೆ ಮಾಡುವಾಗ ಮನೆಯವರೆಲ್ಲ ಒಂದೇ ಜಮಖಾನದ ಮೇಲೆ ಕೂರುತ್ತಾರೆ. ವಿಭೂತಿಯ ತಟ್ಟೆ ಕೈಯಿಂದ ಕೈಗೆ ಹೋಗುತ್ತದೆ, ಒಬ್ಬೊಬ್ಬರೂ ಫೋಟೋದ ಮುಂದೆ ಬಿಲ್ವಪತ್ರೆ ಇಡುತ್ತಾರೆ. ಬಂದ ನೆಂಟರಿಷ್ಟರಿಗೆ, ಗೆಳೆಯರಿಗೆ, ಗಣ್ಯರಿಗೆ ಕುರ್ಚಿ. ಮೊದಲ ವರ್ಷ ನನಗೆ ಕುರ್ಚಿ ಹಾಕಿದ್ದರು. ಮುಂದಿನ ಸಾಲಿನಲ್ಲೇ, ಫ್ಯಾನಿನ ಕೆಳಗೇ. ಗೌರವಕ್ಕೆ ಏನೂ ಕಮ್ಮಿ ಮಾಡಲಿಲ್ಲ. ವಿಭೂತಿಯ ತಟ್ಟೆ ಜಮಖಾನದ ಅಂಚಿನವರೆಗೂ ಬಂದು ಹಿಂದಕ್ಕೆ ಹೋಯಿತು.

ಅವರು ಅವತ್ತಿನವರೆಗೂ ನನ್ನನ್ನು ‘ಮರಿಯಯ್ಯನೋರೇ’ ಎಂದೇ ಕರೆದವರು. ಚಿತ್ರ ನೋಡಿದ ಸಂಜೆ ಫೋನಿನಲ್ಲಿ ಬೇರೆಯೇ ದನಿ.

“ಮರಿಯಯ್ಯ, ಎಲ್ಲಿದೀಯಪ್ಪ?”

“ಮನೇಲಿದೀನಿ ಅಕ್ಕಾ.”

“ಪೇಪರ್ ನೋಡ್ದೆ ಕಣಪ್ಪ. ನನ್ ಮೊಮ್ಮಗ್ಳು ಲಾಸ್ಯ ಓದುದ್ಲು. ಅದರ ಅರ್ಥ ಏನು ಅಂತ ಬುಡ್ಸಿ ಹೇಳುದ್ಲು.” ಹಿಂದೆ ಎಲ್ಲೋ ಕುಕ್ಕರು ಕೂಗಿತು. “ನೀನೇನೂ ಹೇಳ್ಬ್ಯಾಡ, ನಾನ್ ಹೇಳ್ತೀನಿ ಕೇಳು. ಅವ್ನಿಗೆ ಹೆಣ್ ನೋಡಿ ನೋಡಿ ನನ್ ಕಾಲು ಬಿದ್ದೋಯ್ತು. ಪ್ರತಿ ಸಲನೂ ಏನೋ ಒಂದ್ ಕುಂಟುನೆಪ. ಒಂದ್ಸಲ ಆ ಹುಡ್ಗಿ ಜಾಸ್ತಿ ಮಾತಾಡ್ತಾಳೆ ಅಂದ ಕಣೋ. ಮನೇಲಿ ನಿನ್ನ ಇಟ್ಕೊಂಡು!”

ನಾನು ನಕ್ಕೆನೋ ಅತ್ತೆನೋ, ಎರಡೂ ಒಂದೇ ಸದ್ದಾಗಿ ಬಂತು.

“ಈ ಸಲ ಪುಣ್ಯಸ್ಮರಣೆಗೆ ಕುರ್ಚಿ ಗಿರ್ಚಿ ಬ್ಯಾಡ,” ಎಂದರು ಅಕ್ಕ. “ಕೆಳ್ಗೆ ಕೂತ್ಕೊ, ನನ್ ಪಕ್ಕ. ಯಾರೇನಂದ್ಕಂಡ್ರೂ ನಾನ್ ನೋಡ್ಕತೀನಿ. ಪತ್ರೆ ಮೊದ್ಲು ನೀನೇ ಇಡು. ಊಟ ಆಯ್ತಾ?”

ಮಾನ್ಯರೇ, ನನ್ನನ್ನು ನೀನು ಎನ್ನುವವರು ಈ ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಹೆಸರು ಮಾಡಿದ ಮೇಲೆ ಎಲ್ಲರೂ ನೀವು ಎನ್ನುತ್ತಾರೆ, ಸತ್ತವನೊಬ್ಬ ಬಿಟ್ಟು. ಊಟ ಆಯ್ತಾ ಎಂದು ಕೇಳುವವರೂ ಇರಲಿಲ್ಲ. ಎಪ್ಪತ್ತು ದಾಟಿದ ಆ ಹೆಣ್ಣುಮಗಳು ಒಂದೇ ಸಂಜೆಯಲ್ಲಿ ಎರಡು ಹೊಸ್ತಿಲು ದಾಟಿ ಬಂದಿದ್ದರು: ಒಂದು ತಮ್ಮ ಕೈಪಿಡಿಯಲ್ಲಿರುವುದು, ಇನ್ನೊಂದು ಅದರಲ್ಲಿಲ್ಲದ್ದು, ನನ್ನ ಜಾತಿಯದ್ದು. ತಮ್ಮ ಕಾರ್ಯಕ್ರಮದಿಂದ ಮೈಸೂರಿಗೆ ಆದ ನಿಜವಾದ ಉಪಯೋಗ ಯಾವುದೆಂದು ತಾವು ವರದಿ ಬರೆಯುವುದಾದರೆ, ಆ ಫೋನನ್ನು ಬರೆಯಬೇಕಾಗಿತ್ತು.

ತಾವು ಬರೆದದ್ದು ಸ್ಪಷ್ಟನೆ. ವಾರ ಕಳೆಯುವುದರೊಳಗೆ ಪತ್ರಿಕೆಯ ಅದೇ ಪುಟದಲ್ಲಿ ಬಂತು. ಪೂರ್ತಿ ಇಲ್ಲಿ ಕೊಡುತ್ತೇನೆ, ಏಕೆಂದರೆ ಇಂಥ ಗದ್ಯ ನನ್ನ ಕೈಯಲ್ಲಿ ಆಗುವುದಿಲ್ಲ: “ಸದರಿ ಛಾಯಾಚಿತ್ರದಲ್ಲಿ ಸಲಿಂಗಿ ಎಂಬ ಫಲಕವುಳ್ಳ ಕುರ್ಚಿಯಲ್ಲಿ ಆಸೀನರಾಗಿರುವವರು ಕಾರ್ಯಕ್ರಮದ ನಿರೂಪಕರಾಗಿದ್ದು, ಸ್ಥಳಾವಕಾಶ ಭರ್ತಿ ಮಾಡುವ ಸಲುವಾಗಿ ಮಾತ್ರ ಕುಳಿತಿರುತ್ತಾರೆ. ಸದರಿಯವರು ಅಂತಹ ವರ್ಗಕ್ಕೆ ಸೇರಿದವರಾಗಿರುವುದಿಲ್ಲ. ಸದರಿಯವರ ಘನತೆಗೆ ಉಂಟಾಗಿರಬಹುದಾದ ಧಕ್ಕೆಗೆ ಇಲಾಖೆಯು ವಿಷಾದ ವ್ಯಕ್ತಪಡಿಸುತ್ತದೆ.” ಬೆಳಗ್ಗೆಯೇ ತಮ್ಮ ವ್ಯವಸ್ಥಾಪಕರು ಸಂತೋಷದಿಂದ ಫೋನು ಮಾಡಿದರು. “ಮರಿಯಯ್ಯನೋರೇ, ಇನ್ ಚಿಂತೆ ಬುಡಿ. ಸಾಹೇಬ್ರಿಗೆ ಹೇಳಿ ಕ್ಲಿಯರ್ ಮಾಡ್ಸಿದೀನಿ.” ಅವರು ಕೆಟ್ಟವರಲ್ಲ. ಮನಸ್ಸು ಒಳ್ಳೆಯದು. ಅದನ್ನು ಸಾಬೀತು ಮಾಡುವ ಮುಂಚೆ ಒಂದು ಫೋನು ಮಾಡಬಹುದಿತ್ತು ಅಷ್ಟೇ.

ತಮ್ಮ ಕೈಪಿಡಿಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿದೆ: ಈ ಪದಗಳು ಬೈಗುಳಗಳಲ್ಲ, ಇವು ಯಾರ ಘನತೆಯನ್ನೂ ಕುಗ್ಗಿಸುವುದಿಲ್ಲ. ಕೆಳಗೆ ತಮ್ಮ ಸಹಿ. ಸ್ಪಷ್ಟನೆಯಲ್ಲಿದೆ: ಘನತೆಗೆ ಧಕ್ಕೆ. ಕೆಳಗೆ ಅದೇ ಸಹಿ. ಯಾವ ಸಹಿಯನ್ನು ನಾವು ನಂಬಬೇಕು? ಯಾರೋ ಸನ್ಮಾನಿತರನ್ನು ತಪ್ಪಾಗಿ ‘ವೈದ್ಯರು’ ಎಂದು ಕರೆದಿದ್ದರೆ ತಾವು ತಿದ್ದುಪಡಿ ಹಾಕುತ್ತಿದ್ದಿರಿ, ವಿಷಾದ ವ್ಯಕ್ತಪಡಿಸುತ್ತಿದ್ದಿರಾ? ಪದ ಗೌರವದ್ದಾದರೆ ಅದು ನನಗೆ ತಗುಲಿದ್ದಕ್ಕೆ ಧಕ್ಕೆಯೆಲ್ಲಿ? ಧಕ್ಕೆಯಾಗಿದ್ದರೆ, ಅದೇ ಪದದ ಕುರ್ಚಿಗೆ ಆ ಯುವಕನನ್ನು ಯಾವ ಧೈರ್ಯದಲ್ಲಿ ಕರೆದಿರಿ? ಅವನು ಬಾಗಿಲಿನಿಂದ ಹಿಂದಿರುಗಿದ್ದು ಹೇಡಿತನವೆಂದು ಅವತ್ತು ನನಗೂ ಅನ್ನಿಸಿತ್ತು. ತಮ್ಮ ಸ್ಪಷ್ಟನೆ ಓದಿದ ಮೇಲೆ ಅವನ ಲೆಕ್ಕವೇ ಸರಿ ಎಂದು ಗೊತ್ತಾಯಿತು. ಇನ್ನು, ನಾನು ‘ಅಂತಹ ವರ್ಗಕ್ಕೆ’ ಸೇರಿದವನಲ್ಲ ಎಂದು ತಮಗೆ ತಿಳಿದದ್ದು ಹೇಗೆ? ನನ್ನ ಮೀಸೆಯಿಂದಲೋ, ದನಿಯಿಂದಲೋ, ವಂದನಾರ್ಪಣೆ ತಪ್ಪಿಲ್ಲದೆ ಮಾಡಿದ್ದರಿಂದಲೋ? ಒಬ್ಬರನ್ನು ನೋಡಿ ಇಂಥವರೆಂದು ನಿರ್ಧರಿಸಬಾರದು ಎಂಬುದು ಕೈಪಿಡಿಯ ನಾಲ್ಕನೆಯ ಪುಟ. ನೋಡಿ ‘ಅಲ್ಲ’ ಎಂದು ನಿರ್ಧರಿಸಬಹುದು ಎಂಬುದು ಯಾವ ಪುಟ?

ಸಿದ್ದಲಿಂಗಮ್ಮ ಮತ್ತೆ ಫೋನು ಮಾಡಿದರು. ಮೊದಲ ಮಾತಿನಲ್ಲೇ ನನಗೆ ಗೊತ್ತಾಯಿತು.

“ಮರಿಯಯ್ಯನೋರೇ, ತಪ್ಪಾಗೋಯ್ತು, ಕ್ಷಮಿಸ್ಬುಡಿ. ನನ್ ಮಗ ಶಿವಪ್ರಕಾಶ ಪೇಪರ್ ಓದ್ದ. ನಿಮ್ ಬಗ್ಗೆನೂ, ತೀರ್ಕೊಂಡಿರೋ ನನ್ ತಮ್ಮನ್ ಬಗ್ಗೆನೂ ಏನೇನೋ ಅಂದ್ಕೊಂಡ್ಬುಟ್ಟೆ.”

“ಅಕ್ಕಾ, ಈಗ ಬಂದಿರೋದು ಸುಳ್ಳು. ಮೊದ್ಲು ಬಂದಿದ್ದೇ ನಿಜ.”

“ನನ್ ಸಮಾಧಾನಕ್ಕೆ ಹೇಳ್ತಿದೀರಿ. ನೀವ್ ಯಾವಾಗ್ಲೂ ಅಂಗೇ, ಯಾರ್ ಮನ್ಸೂ ನೋಯ್ಸಲ್ಲ.”

“ಸಮಾಧಾನಕ್ಕಲ್ಲ ಅಕ್ಕಾ. ಅವ್ನೂ ನಾನೂ...”

“ಸರ್ಕಾರ್ದೋರು ತನಿಖೆ ಮಾಡ್ದೆ ಬರೀತಾರಾ? ಬುಡಿ.” ದನಿಯಲ್ಲಿ ಬೇಡಿಕೊಂಡಂತಿತ್ತು. “ಪುಣ್ಯಸ್ಮರಣೆಗೆ ಮಾತ್ರ ತಪ್ಪಿಸ್ಬ್ಯಾಡಿ. ಮುಂದ್ಗಡೆನೇ ಕುರ್ಚಿ ಹಾಕ್ಸಿರ್ತೀನಿ. ಕೆಳ್ಗೆ ಕೂರಕ್ಕೆ ನಿಮ್ಗೂ ಮಂಡಿ ನೋವಲ್ವಾ?”

ನನಗೆ ಮಂಡಿ ನೋವಿಲ್ಲ, ಮಾನ್ಯರೇ. ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ಅಷ್ಟು ವಯಸ್ಸಿನಲ್ಲಿ ಅಷ್ಟು ದೊಡ್ಡದೊಂದನ್ನು ಎತ್ತಿಕೊಂಡವರು, ಇಳಿಸಿಬಿಡಿ ಎಂದು ಸರ್ಕಾರವೇ ಹೇಳಿದರೆ ಇಳಿಸದೆ ಏನು ಮಾಡುತ್ತಾರೆ? ಪಕ್ಕದ ಮನೆಯವರಿಗೆ, ಮಠದವರಿಗೆ, ಸೊಸೆಯ ತವರಿನವರಿಗೆ ಹೇಳಬೇಕಾಗಿದ್ದ ಎಷ್ಟೋ ಉತ್ತರಗಳು ಅವರಿಗೆ ಉಳಿದವು. ನಾನು ಬಾಯಲ್ಲಿ ಎಷ್ಟು ಹೇಳಿದರೂ ಅದು ಮೈಕ್ ಮರಿಯಯ್ಯನ ಮಾತು, ಎಲ್ಲರ ಮನಸ್ಸಿಗೆ ಹಿತವಾಗುವಂತೆ ಹೇಳುವುದೇ ಅವನ ಕಸುಬು. ತಾವು ಬರೆದದ್ದು ಮಾತ್ರ ತನಿಖೆ. ಪವಿತ್ರರಂಥವರಿಗಾದರೆ ಗುರುತಿನ ಚೀಟಿ ಪಡೆಯಲು ಒಂದು ದಾರಿಯಾದರೂ ಇದೆ, ಅದರ ಸುಸ್ತನ್ನು ಅವರೇ ಹೇಳುತ್ತಾರೆ. ನಾನು ಯಾರನ್ನು ಪ್ರೀತಿಸಿದೆ ಎನ್ನುವುದಕ್ಕೆ ಚೀಟಿ ಕೊಡುವ ಕಚೇರಿಯಿಲ್ಲ. ಇರಬೇಕೆಂದೂ ನಾನು ಕೇಳುತ್ತಿಲ್ಲ. ಆದರೆ ಪ್ರೀತಿಸಲಿಲ್ಲ ಎಂಬುದಕ್ಕೆ ಚೀಟಿ ಕೊಡುವ ಕಚೇರಿ ಒಂದಿದೆ ಎಂದು ಈಗ ತಿಳಿಯಿತು, ಅರ್ಜಿ ಕೂಡ ಹಾಕಬೇಕಾಗಿಲ್ಲ.

ಇದನ್ನು ಕಳಿಸುವ ಮುಂಚೆ ಪವಿತ್ರರ ಅಂಗಡಿಗೆ ಹೋಗಿ ಕರಡನ್ನು ಓದಿ ತೋರಿಸಿದೆ. ಅವರು ಹೊಲಿಗೆ ನಿಲ್ಲಿಸಿ ಕೇಳಿದರು. “ಇದ್ ಅಚ್ಚಾದ್ರೆ ಮದ್ವೆಗಳು ಹೋಯ್ತವೆ ಸಾರ್,” ಎಂದರು. ಹೋಗುತ್ತವೆ ಎಂದೆ. “ಆ ಅಕ್ಕ ಓದಿ ಆಮೇಲೂ ಕುರ್ಚಿನೇ ಹಾಕುದ್ರೆ?” ನಾನು ಕಾಗದ ಮಡಚಿ ಜೇಬಿಗಿಟ್ಟೆ. ಅವರು ಸೂಜಿಗೆ ದಾರ ಪೋಣಿಸುತ್ತ, “ಕುರ್ಚಿ ಹಾಕುದ್ರೆ ಹಾಕ್ಲಿ. ಯಾರಿಗ್ ಹಾಕ್ತಾವ್ರೆ ಅಂತಾದ್ರೂ ಗೊತ್ತಾಗ್ಲಿ,” ಎಂದರು. ಹೆಸರು ಹಾಕಿ ಬರೆಯುತ್ತಿರುವುದು ಆ ಮಾತಿನ ಬಲದ ಮೇಲೆ.

ಆದ್ದರಿಂದ ಕೇಳುತ್ತಿರುವುದು ಇದು. ಮೃತ್ಯುಂಜಯನ ಎರಡನೆಯ ಪುಣ್ಯಸ್ಮರಣೆ ಬರುವ ಕಾರ್ತಿಕದಲ್ಲಿದೆ. ಅದಕ್ಕೆ ಮುಂಚೆ, ಅದೇ ಪತ್ರಿಕೆಯ ಅದೇ ಪುಟದಲ್ಲಿ, ಅಷ್ಟೇ ಗಾತ್ರದಲ್ಲಿ, ತಮ್ಮ ಸ್ಪಷ್ಟನೆಯನ್ನು ವಾಪಸ್ ಪಡೆಯಬೇಕು. ಒಕ್ಕಣೆ ನಾನೇ ಕೊಡುತ್ತೇನೆ, ತಮಗೆ ಶ್ರಮ ಬೇಡ: “ಸದರಿ ಮರಿಯಯ್ಯನವರನ್ನು ಇಲಾಖೆಯು ಕೇಳಿರಲಿಲ್ಲ. ಈಗ ಕೇಳಲಾಗಿ, ತಾನು ಸಲಿಂಗಿ ಎಂದೂ, ದಿವಂಗತ ಮೃತ್ಯುಂಜಯನವರ ಬಾಳಿನ ಜೊತೆಗಾರನೆಂದೂ ತಿಳಿಸಿರುತ್ತಾರೆ. ಅವರ ಘನತೆ ಮೊದಲೂ ಸರಿಯಾಗಿಯೇ ಇತ್ತು.” ವಿಷಾದ ಎಂಬ ಪದ ಬೇಡ, ಅದನ್ನು ಆಗಲೇ ತಪ್ಪು ಜಾಗದಲ್ಲಿ ಖರ್ಚು ಮಾಡಿದ್ದೀರಿ. ಮುಂದಿನ ಕಾರ್ಯಕ್ರಮದಲ್ಲಿ ಕುರ್ಚಿಗೆ ಹಾಳೆ ಅಂಟಿಸುವ ಮುಂಚೆ ಯಾರನ್ನಾದರೂ ಕಾಫಿ ಲೋಟ ಕೊಟ್ಟು ಕಳಿಸಿ, ಏನಂತ ಕರೀಲಿ ಎಂದು ಕೇಳಿಸಿ. ನನ್ನನ್ನೇ ಕರೆದರೂ ಬರುತ್ತೇನೆ.

ಇನ್ನು ಯಾರಿಗೆ ಏನು ಜಮೆಯಾಯಿತು ಎನ್ನುವುದು. ಇಲಾಖೆಗೆ ಒಂದು ಯಶಸ್ವಿ ಕಾರ್ಯಕ್ರಮ, ಖಾಲಿ ಕುರ್ಚಿಯಿಲ್ಲದ ಒಂದು ಫೋಟೋ. ತಮ್ಮ ವ್ಯವಸ್ಥಾಪಕರಿಗೆ ಒಬ್ಬ ಬಡಪಾಯಿಯ ಮಾನ ಉಳಿಸಿದ ನೆಮ್ಮದಿ. ಬಾಗಿಲಿನಿಂದ ಹಿಂದಿರುಗಿದ ಯುವಕನಿಗೆ ಅವನ ಕೆಲಸ, ಅವನ ಗುಟ್ಟು, ಎರಡೂ. ಅವನಿಗೆ ಒಳ್ಳೆಯದಾಗಲಿ. ಪವಿತ್ರರಿಗೆ ಹಣ್ಣಿನ ಬುಟ್ಟಿ, ಜೊತೆಗೆ ಸಭೆಯಲ್ಲಿದ್ದ ಇಬ್ಬರು ಹೆಂಗಸರ ಬ್ಲೌಸು. ಆರತಕ್ಷತೆಯವರಿಗೆ ಅವರ ನಿರೂಪಕ ವಾಪಸ್, “ನಾವೇನ್ ನಂಬಿರ್ಲಿಲ್ಲ ಬುಡಿ” ಎಂಬ ಮಾತಿನ ಸಮೇತ. ಸಿದ್ದಲಿಂಗಮ್ಮನವರಿಗೆ ಹಳೆಯ ತಮ್ಮ, ಯಾಕೋ ಮದುವೆ ಒಲ್ಲೆನೆಂದವನು. ಮೃತ್ಯುಂಜಯನಿಗೆ ಏನೂ ಇಲ್ಲ. ನನಗೆ ಒಂದು ಪೇಟ, ಮುಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಒಂದು ಕುರ್ಚಿ, ಮತ್ತು ಒಳ್ಳೆಯ ಹೆಸರು.

ಇಂತಿ,
ತಮ್ಮ ದಯದಿಂದ ಮಾನವಂತನಾಗಿ ಒಬ್ಬನೇ ಉಳಿದಿರುವ
ಮರಿಯಯ್ಯ
ವಿದ್ಯಾರಣ್ಯಪುರಂ, ಮೈಸೂರು